ಮರಳಿ ಕಳಿಸದವನು

"ಅಂಜಬ್ಯಾಡ್ರಿ ಅಕ್ಕಾರ. ಇದರಾಗ ನಿಮ್ಮ ತಪ್ಪೇನೂ ಇಲ್ಲ."

ಮಯೂರಿ ತಲೆ ಎತ್ತಿ ನೋಡಿದಳು. ಪಡಸಾಲೆಯ ಮೆಟ್ಟಿಲ ಮೇಲೆ ಒಬ್ಬ ತರುಣ ನಿಂತಿದ್ದ. ಹೆಗಲಿಗೆ ರಕ್ತದ ಸೀಸೆಗಳ ಐಸ್ ಡಬ್ಬಿ, ಹುಮನಾಬಾದ್ ಬಸ್ಸಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಹುಬ್ಬು. ದನಿ ಮಾತ್ರ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಕೈಯಷ್ಟು ಮೆತ್ತಗಿತ್ತು.

ಬಸವಕಲ್ಯಾಣದ ಆ ಬಾಡಿಗೆ ಕಚೇರಿಗೆ ಮಯೂರಿ ಬಂದು ವಾರವೂ ಆಗಿರಲಿಲ್ಲ. ಅಂದು ಕರೆಂಟು ಹೋಗಿ, ಬೆಳಗಿನಿಂದ ಓಡುತ್ತಿದ್ದ ಪ್ರೋಗ್ರಾಂ ನಡುದಾರಿಯಲ್ಲಿ ನಿಂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಬಂದವನಿಗೆ ಅದು ಬೇರೆಯೇ ದುಃಖವಾಗಿ ಕಂಡಿತು. ಮಕ್ಕಳಾಗದ ಹೆಂಗಸರು ಆ ಬೆಂಚಿನ ಮೇಲೆ ಹಾಗೆಯೇ ಕೂರುತ್ತಿದ್ದರು.

"ಮನ್ಯಾಗ ಏನರ ಅಂದಾರೇನು? ಅನ್ನಲಿ ಬಿಡ್ರಿ. ನಮ್ಮ ಹೊಸಾ ಮೇಡಂ ಬಂದಾರ. ರಕ್ತ ತಪಾಸ ಮಾಡಿ, ಕಂಪ್ಯೂಟರಿನಾಗ ಹಾಕಿ, ಬರೊಬ್ಬರಿ ಕಾರಣ ಹುಡುಕ್ತಾರ. ಭಾಳ ಶ್ಯಾಣ್ಯಾ ಅದಾರಂತ."

ಮಯೂರಿಗೆ ನಗು ಬಂತು. ಆದರೆ ಆ ದನಿಯನ್ನು ಇನ್ನಷ್ಟು ಕೇಳುವ ಆಸೆಯೂ ಆಯಿತು. "ನೋಡೀರೇನು ಅವರನ್ನ?"

"ಇಲ್ರಿ. ಚಷ್ಮಾ ಹಾಕ್ಕೊಂಡು, ಮೂಗಿನ ತುದಿ ಮ್ಯಾಲೆ ಸಿಟ್ಟು ಇಟಗೊಂಡು ಇರ್ತಾರೇನೋ. ಭಾಳ ಓದಿದವ್ರು ಹಂಗೇ ಇರ್ತಾರ."

ಮಯೂರಿ ಚೀಲದಿಂದ ಕನ್ನಡಕ ತೆಗೆದು ಮೆಲ್ಲಗೆ ಹಾಕಿಕೊಂಡಳು. "ಚಷ್ಮಾ ಆತು. ಸಿಟ್ಟು ಹ್ಯಾಂಗ ಇಡೂದು, ನೀವೇ ಕಲಿಸ್ರಿ."

ಅವನ ಮುಖ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಡಬ್ಬಿ ಇಳಿಸಲು ಹೋಗಿ ತನ್ನದೇ ಕಾಲಿನ ಮೇಲೆ ಇಳಿಸಿಕೊಂಡ. ಅವನೇ ಅನೀಲಕುಮಾರ. ಹುಮನಾಬಾದಿನಲ್ಲಿ ಡಾಕ್ಟರ್ ಆಯೆಷಾ ಅವರ ದವಾಖಾನೆಯಲ್ಲಿ ಲ್ಯಾಬ್ ಕೆಲಸ, ಜೊತೆಗೆ ಈ ಸಂಶೋಧನೆಗೆ ಹಟ್ಟಿಹಟ್ಟಿ ತಿರುಗಿ ರಕ್ತ ತರುವ ಕೆಲಸ. ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ. ಯಾವ ಹಟ್ಟಿಗೆ ಹೋದರೂ ಒಬ್ಬರಲ್ಲ ಒಬ್ಬರು ಅವನಿಗೆ ಮಾವ, ಅತ್ತೆ, ಕಾಕಾ ಆಗುತ್ತಿದ್ದರು. ಅದಕ್ಕೇ ಜನ ಅವನ ಮುಂದೆ ತೋಳು ಚಾಚುತ್ತಿದ್ದರು.

ಮಯೂರಿ ರಾಜೇಶ್ವರದ ಬೌದ್ಧರ ಮನೆಯ ಮಗಳು. ಅಪ್ಪ ಲಾಲಪ್ಪ ಇಂದಿಗೂ ಕಂಡವರ ಹೊಲದಲ್ಲಿ ಕೂಲಿಗೆ ಹೋಗುತ್ತಾನೆ. ಮಗಳು ಹೈದರಾಬಾದಿನಲ್ಲಿ ಕಂಪ್ಯೂಟೇಶನಲ್ ಬಯಾಲಜಿ ಓದಿ ಡಾಕ್ಟರೇಟ್ ಪಡೆದು, ಅಲ್ಲಿನ ಸಂಸ್ಥೆಯವರ ಕೆಲಸದ ಮೇಲೆ ತನ್ನ ತಾಲೂಕಿಗೇ ಮರಳಿದ್ದಳು. ಈ ಭಾಗದ ಕೆಲವು ಹಟ್ಟಿಗಳಲ್ಲಿ ಗಟ್ಟಿಮುಟ್ಟಾದ ಹೆಂಗಸರು ಬಸಿರಾಗದೆ ಉಳಿಯುತ್ತಾರೆ, ಯಾಕೆಂದು ಯಾರಿಗೂ ತಿಳಿಯದು. ಮುಟ್ಟು ಸರಿ, ಗರ್ಭಕೋಶ ಸರಿ, ಗಂಡನ ತಪಾಸಣೆಯೂ ಸರಿ. ಉತ್ತರ ರಕ್ತದೊಳಗಿನ ಜೀನುಗಳಲ್ಲಿದೆ ಎಂಬುದು ಅವಳ ಅಂದಾಜು. ಕೋಟಿಗಟ್ಟಲೆ ಅಕ್ಷರಗಳಲ್ಲಿ ಕೆಟ್ಟದ್ದೊಂದನ್ನು ಕಂಪ್ಯೂಟರ್ ಹಿಡಿದು ಕೇರಿ ತೆಗೆಯುವುದು ಅವಳ ಕಸಬು.

ಕೇರಬೇಕಾದರೆ ಯಾರು ಯಾರಿಗೆ ಏನಾಗಬೇಕೆಂದು ತಿಳಿದಿರಬೇಕು. ಅನೀಲ ಅದನ್ನೂ ತಂದಿದ್ದ. ವರ್ಷಕ್ಕೊಮ್ಮೆ ಬಂದು ಮನೆತನದ ಏಳು ತಲೆಮಾರು ಹಾಡುವ ಹೆಳವನನ್ನು ಕೂರಿಸಿಕೊಂಡು, ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡು ಬಂದಿದ್ದ. ಹೆಳವ ಈಗ ಎತ್ತು ಬಿಟ್ಟು ಬೈಕ್ ಏರಿದ್ದಾನೆ, ಹಾಡು ಮಾತ್ರ ಹಳೆಯದೇ.

ಮಯೂರಿ ಕೊನೆತನಕ ಕೇಳಿ ಹುಬ್ಬು ಗಂಟಿಕ್ಕಿದಳು. "ಇದರಾಗ ಹೆಂಗಸರು ಎಲ್ಲಿ ಅದಾರ?"

"ಹೆಳವ ಹೆಂಗಸರನ್ನ ಹಾಡೂದಿಲ್ರಿ ಮೇಡಂ."

"ನಾ ಅಂಡಾಣು ವಿಚಾರ ಕೇಳಾಕ ಬಂದೀನಿ. ನೀವು ನಂಗ ಬರೇ ಮೀಸಿ ತಂದು ಕೊಟ್ಟೀರಿ."

ಅನೀಲ ನಕ್ಕ, ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಮರುದಿನದಿಂದ ಮತ್ತೆ ಹಟ್ಟಿ ತಿರುಗಿದ. ಈ ಸಲ ಒಲೆಯ ಮುಂದೆ ಕೂತ ಮುದುಕಿಯರನ್ನು ಕೇಳಿದ. ಸಂಜೆ ಬಸವಕಲ್ಯಾಣಕ್ಕೆ ಬಂದು ಒಂದೊಂದೇ ಹೆಸರು ಹೇಳುವನು, ಅವಳು ಕಂಪ್ಯೂಟರಿನ ಮರಕ್ಕೆ ಒಂದೊಂದೇ ಕೊಂಬೆ ಸೇರಿಸುವಳು. ಮಕ್ಕಳಿಲ್ಲದ ಹೆಂಗಸರ ಕೊಂಬೆ ಅಲ್ಲಿಗೇ ಮೊಂಡಾಗಿ ನಿಲ್ಲುತ್ತಿತ್ತು. ಒಬ್ಬಳು ತವರಿಗೆ ಮರಳಿದವಳು. ಒಬ್ಬಳು ಬಾವಿ ನೋಡಿಕೊಂಡವಳು. ಒಬ್ಬಳು ತಂಗಿಯನ್ನೇ ಸವತಿಯಾಗಿ ತಂದು, ಅವಳ ಬಾಣಂತನ ಮಾಡಿ ಸತ್ತವಳು.

"ಇವ್ರ ಹೆಸರು?" ಎಂದಳು ಮಯೂರಿ ಒಂದು ಸಂಜೆ, ಪರದೆಯ ಮೇಲೆ ಹೆಣ್ಣಿನ ಗುರುತಿಗೆ ಹಾಕಿ ಖಾಲಿ ಉಳಿದ ಒಂದು ದುಂಡು ಗುಂಡಿಗೆ ಬೆರಳಿಟ್ಟು.

ಅನೀಲ ಮೊಬೈಲು ಕೆಳಗಿಟ್ಟ. "ನಮ್ಮ ಮುತ್ಯಾನ ಅಕ್ಕ. ಆಕಿ ಹೆಸರು ಯಾರಿಗೂ ನೆನಪಿಲ್ರಿ. ಎಲ್ಲಾರೂ ಬಂಜಿ ಅಂತನೇ ಕರೀತಿದ್ರಂತ."

ಮಯೂರಿಯ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ಕಣ್ಣು ತುಂಬಿ ಬಂತು, ಮುಚ್ಚಿಡಲೂ ಇಲ್ಲ. ಅವನು ನೀರಿನ ಲೋಟ ತಂದು ಅವಳ ಮುಂದಿಟ್ಟ. ಲೋಟ ಬಿಡಬೇಕಾದ ಬೆರಳು, ಹಿಡಿಯಬೇಕಾದ ಬೆರಳು, ಎರಡೂ ಒಂದು ಗಳಿಗೆ ತಡಮಾಡಿದವು. ಪ್ರೀತಿಗೆ ಜನ ತೋಟ ಹುಡುಕುತ್ತಾರೆ, ಬೆಳದಿಂಗಳು ಹುಡುಕುತ್ತಾರೆ. ಈ ಇಬ್ಬರಿಗೆ ಅದು ಹೆಸರೇ ಉಳಿಯದ ಹೆಂಗಸೊಬ್ಬಳ ಮುಂದೆ ಹುಟ್ಟಿತು.

ಆಮೇಲೆ ಅನೀಲನಿಗೆ ಬಸವಕಲ್ಯಾಣದಲ್ಲಿ ಕೆಲಸ ಜಾಸ್ತಿಯಾಯಿತು. ಒಂದು ಸೀಸೆಗೂ ಒಂದು ಬಸ್ಸು ಹತ್ತುವನು.

"ಒಂದ ಸೀಸೆ ಸಲುವಾಗಿ ಇಷ್ಟು ದೂರ ಬಂದ್ರೇನು?"

"ರಕ್ತ ಕೆಟ್ಟು ಹೋಗ್ತದ್ರಿ ಮೇಡಂ."

"ಐಸಿನಾಗ ಅದ ಅಲ್ಲ?"

"ಅದರದ್ದಲ್ರಿ, ನಂದು."

ಅವಳು ಪರದೆಯ ಕಡೆ ತಿರುಗಿಬಿಡುವಳು. ಕರಿ ಪರದೆಯಲ್ಲಿ ಅವಳ ನಗು ಅವನಿಗೆ ಕಾಣುತ್ತಿತ್ತು, ಕಾಣುತ್ತದೆಂದು ಅವಳಿಗೂ ಗೊತ್ತಿತ್ತು. ಎಷ್ಟು ದಿನವೆಂದು ಮೇಡಂ ಎನ್ನುವುದು? ಒಂದು ದಿನ "ಮಯೂರಿ" ಎಂದ. ಅವಳು ತಿರುಗಿ ನೋಡಲಿಲ್ಲ, ಬೈಯಲೂ ಇಲ್ಲ. ಅಷ್ಟು ಸಾಕಾಯಿತು.

ಕಾರಣ ಸಿಕ್ಕಿದ್ದು ಬೇಸಿಗೆಯ ಕೊನೆಗೆ. ಮಕ್ಕಳಾಗದ ಆ ಎಲ್ಲ ಹೆಂಗಸರಲ್ಲೂ ಒಂದೇ ಜೀನು, ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ ಎರಡೂ ಕೆಟ್ಟಿದ್ದವು. ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಒಬ್ಬರಲ್ಲೂ ಹಾಗಿರಲಿಲ್ಲ. ಮಯೂರಿ ಪ್ರೋಗ್ರಾಮನ್ನು ಬೇರೆ ಬೇರೆ ರೀತಿಯಲ್ಲಿ ಓಡಿಸಿದಳು, ಉತ್ತರ ಬದಲಾಗಲಿಲ್ಲ.

ಅದನ್ನು ಮೊದಲು ಹೇಳಬೇಕಾದದ್ದು ಅನೀಲನ ಅಕ್ಕ ಜಯಮಾಲಾಗೆ. ಗಂಡನ ಮನೆಯವರು ಬಂಜೆ ಎಂದು ತವರಿಗೆ ತಂದು ಬಿಟ್ಟುಹೋದವಳು. ಅಕ್ಕನ ಸಲುವಾಗಿಯೇ ಅನೀಲ ಈ ಕೆಲಸಕ್ಕೆ ಸೇರಿದ್ದು. ಹುಮನಾಬಾದಿನ ಮನೆಯ ಹಿಂದಿನ ಕೋಣೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳ ಎದುರು ಮಯೂರಿ ಕೂತಳು.

"ಜಯಕ್ಕಾ, ಬಸುರು ನಿಂದ್ರಬೇಕಾದ್ರ ಮೊದಲು ಎರಡ್ಮೂರು ದಿನಕ್ಕ ಬೇಕಾದ ಬುತ್ತಿ ತಾಯಿ ಅಂಡಾಣುನೇ ಕಟ್ಟಿ ಕಳಿಸಬೇಕು. ನಿಮ್ಮ ಅಂಡಾಣುದಾಗ ಆ ಬುತ್ತಿ ಕಟ್ಟೋ ಒಂದು ಸಾಮಾನು ತಯಾರ ಆಗೂದಿಲ್ಲ. ಕೂಸು ಕೂಡ್ತದ, ಎರಡು ತುಂಡಾಗ್ತದ, ನಾಲ್ಕಾಗ್ತದ, ಹಸದು ಅಲ್ಲೇ ನಿಂತುಬಿಡ್ತದ. ನಿಮ್ಮ ಅಪ್ಪ ಅವ್ವ ಇಬ್ಬರಿಂದ ಬಂದದ್ದದು. ಇದೇ ಜೀನು ಗಂಡಸಿನ ಮೈಯಾಗ ಕೆಟ್ಟಿದ್ರ ಅವಗ ಏನೂ ಆಗೂದಿಲ್ಲ."

ಜಯಮಾಲಾ ಮೊರ ನಿಲ್ಲಿಸಲಿಲ್ಲ. "ಅಂದ್ರ ನಾ ಮಾಡಿದ ಉಪವಾಸ?"

"ಅದರಿಂದ ಏನೂ ಆಗ್ತಿದ್ದಿಲ್ಲ, ಅಕ್ಕಾ."

"ನನ್ನ ಗಂಡ ಹೊಡದದ್ದು?"

ಜಯಮಾಲಾ ನಕ್ಕಳು. ನಗು ನೋಡಲಾಗದಂತಿತ್ತು. ಬಾಗಿಲಿಗೆ ಆತು ನಿಂತಿದ್ದ ಅನೀಲ ಮುಖ ಗೋಡೆಗೆ ತಿರುಗಿಸಿಕೊಂಡ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು, ಗದ್ದಲದ ನಡುವೆಯೇ ಹೇಳಿದ. "ಆಕಿನ್ನ ಬಿಟ್ಟು ಹೋದ ದಿನ ನಾ ಬಾಗಿಲದಾಗೇ ಇದ್ದೆ, ಮಯೂರಿ. ಟ್ರಂಕು ಇಳಿಸಿ ಇಟ್ಟು, ನೀರು ಸುದ್ಧಾ ಕುಡೀಲಾರದ ಹೋದ್ರು. ನಾ ಒಂದ ಮಾತು ಆಡಲಿಲ್ಲ. ಇವತ್ತು ನೀ ಆಡಿದಿ." ಮತ್ತೆ, ಉಸಿರು ತೆಗೆದುಕೊಂಡು, "ನನ್ನ ಜೋಡಿ ಇರ್ತಿಯೇನು? ಜಾತಿ ಗೀತಿ ನಾ ನೋಡ್ಕೋತೀನಿ. ನೀ ಹೂಂ ಅಂದ್ರ ಸಾಕು."

ಮಯೂರಿ ಅವನ ಅಂಗಿಯ ತೋಳಿನ ಮೇಲೆ ಅಂಟಿದ್ದ ಜೋಳದ ಸಿಪ್ಪೆಯನ್ನು ತೆಗೆದಳು. "ಹೂಂ," ಎಂದಳು. ಆ ದಿನ ಬಸವಕಲ್ಯಾಣದ ಬಸ್ಸಿನಲ್ಲಿ ಅವಳಷ್ಟು ಸುಖಿಯಾದ ಜೀವ ಇನ್ನೊಂದಿರಲಿಲ್ಲ.

ಆ ಸುಖಕ್ಕೆ ಆಯುಷ್ಯ ಕಡಿಮೆ. ಅನೀಲನ ತಾಯಿ ಧೂಳಮ್ಮ ಮಗನ ಲಗ್ನ ಎತ್ತಿದಳು. ಹೆಣ್ಣು ಬೇರೆ ಯಾರಲ್ಲ, ಮನ್ನಾಏಖೇಳ್ಳಿಯಲ್ಲಿ ಕುರಿ ಸಾಕಿಕೊಂಡಿರುವ ತಮ್ಮ ಪಂಡರಿಯ ಮಗಳು ಶೀತಲ. ಸೋದರಮಾವನ ಮಗಳ ಮೇಲೆ ಮೊದಲ ಹಕ್ಕು ಮಗನದು, ಮಗ ಬೇಡವೆಂದರೆ ಅದು ತಮ್ಮನ ಮುಖಕ್ಕೆ ಉಗುಳಿದಂತೆ. ಅನೀಲ ಬೇಡವೆಂದ. ಧೂಳಮ್ಮ ಊಟ ಬಿಟ್ಟಳು. ಪಂಡರಿ ಅತ್ತ ಹುಲಸೂರಿನ ಬೇರೊಂದು ಗಂಡನ್ನೂ ನೋಡಿಟ್ಟುಕೊಂಡ. ಅಕ್ಕನ ಮಗ ಆಗದಿದ್ದರೆ ಅದೇ ಮುಹೂರ್ತದಲ್ಲಿ ಅವನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೆಂದು.

ಅದೇ ಹೊತ್ತಿಗೆ ಎರಡನೆಯ ಸುತ್ತಿನ ರಕ್ತದ ಫಲಿತಾಂಶ ಬಂತು. ಈ ಸಲ ಮದುವೆಯಾಗದ ಹುಡುಗಿಯರದೂ ಇತ್ತು. ಕೊಡುವಾಗಲೇ ಪ್ರತಿಯೊಬ್ಬರನ್ನೂ ಕೇಳಿದ್ದರು: ಏನಾದರೂ ಕಂಡರೆ ಹೇಳಬೇಕೋ ಬೇಡವೋ? ಹೆಚ್ಚಿನವರು ಬೇಡವೆಂದಿದ್ದರು. ಸೀಸೆಗಳ ಮೇಲೆ ಸಂಖ್ಯೆ ಮಾತ್ರ, ಹೆಸರಿಲ್ಲ. ಆದರೆ ಮರ ಕಟ್ಟಿದವಳೇ ಮಯೂರಿ. ಜೀನಿನ ಎರಡೂ ಪ್ರತಿ ಕೆಟ್ಟಿದ್ದ ಆ ಒಂದು ಗುಂಡಿ ಯಾವ ಕೊಂಬೆಯ ಮೇಲಿದೆ ಎಂದು ನೋಡಿದೊಡನೆ ಗೊತ್ತಾಯಿತು. ಪಂಡರಿಯ ಹಿರಿ ಮಗಳು ಶೀತಲ. "ಹೇಳ್ರಿ" ಎಂದವರಲ್ಲಿ ಒಬ್ಬಳು.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಮಯೂರಿಯ ಎದೆ ಮೊದಲು ಹಿಗ್ಗಿತು. ಈ ಮಾತು ಹೊರಗೆ ಬಿದ್ದರೆ ಲಗ್ನ ನಿಂತಿತು, ಅನೀಲ ತನ್ನವನು. ಮರುಕ್ಷಣ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಕುರ್ಚಿ ಬಿಟ್ಟು ಎದ್ದುಹೋಗಿ ಮುಖ ತೊಳೆದಳು, ಮತ್ತೆ ಮತ್ತೆ ತೊಳೆದಳು.

ಡಾಕ್ಟರ್ ಆಯೆಷಾ ಮೂಲಕ ಇನ್ನೊಮ್ಮೆ ರಕ್ತ ತರಿಸಿ ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. ಅದೇ ಉತ್ತರ. "ಇದು ಆ ಹುಡಗಿ ಸ್ವತ್ತು," ಎಂದರು ಡಾಕ್ಟರ್. "ಆಕಿಗಿ ಬಿಟ್ಟು ಯಾರಿಗೂ ಹೇಳೂಹಂಗಿಲ್ಲ. ಅನೀಲಗೂ ಹೇಳೂಹಂಗಿಲ್ಲ. ಆಕಿ ಬರೋ ದಿನ ನೀನೂ ಬಾ. ನಿನ್ನಷ್ಟು ಬಿಡಿಸಿ ಹೇಳಾಕ ನಂಗ ಬರೂದಿಲ್ಲ."

ಆ ದಿನ ಬರುವ ಮೊದಲು ಧೂಳಮ್ಮನೇ ಬಸವಕಲ್ಯಾಣಕ್ಕೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ಮಯೂರಿ ನೀರು ಕೊಟ್ಟಳು, ಅವಳು ಮುಟ್ಟಲಿಲ್ಲ.

"ನಿನ್ನ ಮ್ಯಾಲೆ ನಂಗ ಸಿಟ್ಟಿಲ್ಲ, ತಂಗಿ. ನನ್ನ ಮಗಳು ಮನಿಗಿ ಬಂದು ಕುಂತಾಳ. ನಾ ಸತ್ತ ಮ್ಯಾಲೆ ಆಕಿಗಿ ಎರಡು ತುತ್ತು ಯಾರು ಹಾಕ್ತಾರ? ತಮ್ಮನ ಮಗಳಾದ್ರ ಕಳ್ಳುಬಳ್ಳಿ ಅಂತಾದ್ರೂ ಹಾಕ್ತಾಳ. ಹೊರಗಿನಾಕಿ ಹಾಕ್ತಾಳೇನು?"

"ನಾ ಹಾಕ್ತೀನ್ರಿ, ಅತ್ತಿ," ಎಂಬ ಮಾತು ಮಯೂರಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅತ್ತಿ ಎನ್ನಲು ಅವಳಿಗೆ ಧೈರ್ಯವಾಗಲಿಲ್ಲ.

"ಇನ್ನೊಂದು ಮಾತು," ಎಂದಳು ಧೂಳಮ್ಮ, ಸೆರಗು ಬಿಗಿದುಕೊಳ್ಳುತ್ತ. "ನಾಳೆ ನಿನ್ನ ಕಂಪ್ಯೂಟರ್ ಏನರ ನೆಪ ತಗದು ಈ ಲಗ್ನ ಮುರದ್ರ, ಅದು ಕಂಪ್ಯೂಟರ್ ಹೇಳಿದ್ದಲ್ಲ, ನೀ ಹೇಳಿದ್ದು ಅಂತ ನಾ ತಿಳೀತೀನಿ. ಊರೂ ಹಂಗೇ ತಿಳೀತದ."

ಅವಳು ಹೋದ ಮೇಲೆ ಮಯೂರಿ ಆ ನೀರನ್ನು ತಾನೇ ಕುಡಿದಳು. ಬಿಸಿ ತುಪ್ಪ ಬಾಯಿಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅನೀಲ ಮರುದಿನವೇ ಬಂದ, ಕಣ್ಣು ಕೆಂಪಾಗಿದ್ದವು. "ಅವ್ವ ಬಂದಿದ್ಲಂತ. ಇನ್ನ ತಡಾ ಬ್ಯಾಡ. ರಜಿಸ್ಟ್ರಾರ್ ಆಫೀಸಿಗಿ ಹೋಗಿ ಅರ್ಜಿ ಕೊಟ್ಟು ಬರೋಣು, ನಡಿ."

"ಜರಾ ತಡೀರಿ," ಎಂದಳು ಮಯೂರಿ.

"ಯಾಕ?"

ಅವಳು ಹೇಳಲಾರಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಎಂದೂ ತಪ್ಪಿಸಿಕೊಳ್ಳದ ಆ ಕಣ್ಣು ಇಂದು ಕಿಟಕಿಯ ಸರಳು ಎಣಿಸುತ್ತಿತ್ತು.

"ಅಂಜಿದಿಯೇನು?"

"ಹೌದ್ರಿ."

"ನನ್ನ ಮ್ಯಾಲೆ ಭರೋಸಾ ಇಲ್ಲೇನು?"

ಭರೋಸೆ ಇದ್ದದ್ದಕ್ಕೇ ಅಂಜಿಕೆ ಎಂದು ಹೇಗೆ ಹೇಳುವುದು? ಅವನು ಡಬ್ಬಿ ಎತ್ತಿಕೊಂಡು ಹೋದ. ತನ್ನಿಂದ ಹಿಂದೆ ಸರಿಯುತ್ತಿದ್ದಾಳೆ ಎಂದೇ ಅವನು ತಿಳಿದ, ಅವಳು ತಿಳಿಯಗೊಟ್ಟಳು.

ಶೀತಲ ಹುಮನಾಬಾದಿಗೆ ಒಬ್ಬಳೇ ಬಂದಳು. ಸಂತೆಯ ನೆಪ ಹೇಳಿ ಬಂದಿದ್ದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಬಿಸಿಲಿಗೆ ಬೆಂದ ಕೆನ್ನೆ, ಎದುರಿನವರನ್ನು ನೇರವಾಗಿ ನೋಡುವ ಕಣ್ಣು. ಡಾಕ್ಟರ್ ಬಾಗಿಲು ಮುಚ್ಚಿದರು. ಮಯೂರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಜಯಮಾಲಾಗೆ ಹೇಳಿದ್ದೇ ಮಾತು. ಗರ್ಭಕೋಶ ಸರಿ ಇದೆ, ಬೇರೆ ಹೆಂಗಸಿನ ಅಂಡಾಣು ತೆಗೆದುಕೊಂಡರೆ ಹೊರಬಹುದು, ಅದು ದೊಡ್ಡ ಊರಿನ ಕೆಲಸ, ಸುಲಭವಲ್ಲ ಎಂದೂ ಹೇಳಿದಳು.

ಶೀತಲ ಅಳಲಿಲ್ಲ. ಮೊಣಕಾಲ ಮೇಲಿನ ಸೀರೆಯ ನಿರಿಗೆಯನ್ನು ಬೆರಳಿಂದ ತಿದ್ದುತ್ತ ಕೂತಳು. ಡಾಕ್ಟರನ್ನು ಹೊರಗಿನ ರೋಗಿ ಕರೆದಾಗ, ಅವರು ಎದ್ದುಹೋಗುವ ತನಕ ಕಾದು, ಬಾಯಿ ಬಿಟ್ಟಳು.

"ಅನೀಲ ಮಾವಗ ಗೊತ್ತದೇನು?"

"ಇಲ್ಲ. ಹೇಳೂದು ಬಿಡೂದು ನಿನ್ನ ಕೈಯಾಗದ."

"ನೀವು ಹೇಳಿದ್ರ ಮಾವ ನಿಮ್ಮಾವ್ರೇ ಆಗ್ತಿದ್ರಲ್ಲ, ಅಕ್ಕಾ? ನಂಗ ಗೊತ್ತದ. ಕಣ್ಣು ಎಲ್ಲಾರಿಗೂ ಅವ."

ಮಯೂರಿ ತಲೆ ತಗ್ಗಿಸಿದಳು. "ನೀ ಲಗ್ನ ಬ್ಯಾಡ ಅನ್ನು, ಶೀತಲ. ಹೈದರಾಬಾದಿಗೆ ಬಾ. ಹಾಸ್ಟೆಲ್ ಅದ, ಕೆಲಸ ಕಲೀಬಹುದು, ನಾ ಇರ್ತೀನಿ."

"ಏಳನೇ ಇಯತ್ತೆಗೇ ನಂಗ ಕುರಿ ಹಿಂದ ಹಚ್ಯಾರ. ಬ್ಯಾಡ ಅಂದ್ರ ಯಾಕ ಅಂತಾರ. ಹೇಳಿದ್ರ ನನ್ನ ಇಬ್ಬರು ತಂಗೇರಿಗೂ ಲಗ್ನ ಇಲ್ಲ. ಹೇಳದಿದ್ರ ಹುಲಸೂರ." ಅವಳು ನಿರಿಗೆ ಬಿಟ್ಟು ಮಯೂರಿಯ ಮುಖ ನೋಡಿದಳು. "ಹುಲಸೂರದಾಂವ ಎಷ್ಟು ವರ್ಷ ಇಟ್ಕೋತಾನ? ಜಯಕ್ಕನ ಟ್ರಂಕು ನಾನೂ ನೋಡೀನಿ, ಸಣ್ಣಾಕಿದ್ದೆ."

ಹೊರಗೆ ಯಾವುದೋ ಮಗು ಸೂಜಿಗೆ ಚೀರಿತು. ಇಬ್ಬರೂ ಅದು ಸುಮ್ಮನಾಗುವ ತನಕ ಕಾದರು.

"ಒಂದು ಕೇಳ್ತೀನಿ. ನಿಮ್ಮ ಕೈಲಿಂದ ಕಸಗೊಳ್ಳಾಕ ಬಂದೀನಿ, ಸುಳ್ಳು ಯಾಕ ಹೇಳ್ಲಿ? ಅನೀಲ ಮಾವನ ಮನಸು ನಿಮಗ ಗೊತ್ತದ್ದಷ್ಟು ಅತ್ತಿಗೂ ಗೊತ್ತಿಲ್ಲ. ಎಲ್ಲಾ ತಿಳದು ನನ್ನ ಕೈ ಹಿಡದ್ರ, ಹತ್ತು ವರ್ಷಕ್ಕ, ಇಪ್ಪತ್ತು ವರ್ಷಕ್ಕ, ನನ್ನ ಮರಳಿ ಕಳಿಸ್ತಾರೇನು?"

ಒಂದೇ ಒಂದು ಸುಳ್ಳು ಸಾಕಿತ್ತು. ಯಾರಿಗೆ ಗೊತ್ತವ್ವ, ಗಂಡಸರ ಮನಸ್ಸು ಎಂದು ನಿಟ್ಟುಸಿರು ಬಿಟ್ಟಿದ್ದರೂ ಸಾಕಿತ್ತು. ಮಯೂರಿಯ ಬಾಯಿಗೆ ಅದು ಬಂತು ಕೂಡ. ಕಣ್ಣ ಮುಂದೆ ಅನೀಲ ನಿಂತಿದ್ದ, ಅಕ್ಕನ ನಗು ನೋಡಲಾರದೆ ಗೋಡೆಗೆ ಮುಖ ತಿರುಗಿಸಿಕೊಂಡವನು.

"ಇಲ್ಲ," ಎಂದಳು ಮಯೂರಿ. "ಅವ್ರು ಕಳಿಸೂದಿಲ್ಲ."

ಶೀತಲ ಎದ್ದು ಬಂದು ಮಯೂರಿಯ ಕಾಲು ಮುಟ್ಟಲು ಬಗ್ಗಿದಳು. ಮಯೂರಿ ಅವಳನ್ನು ಅರ್ಧದಲ್ಲೇ ಹಿಡಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಒಬ್ಬಳಿಗೆ ಸಿಗುವುದೂ ಇನ್ನೊಬ್ಬಳ ಕೈಬಿಡುವುದೂ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ಅನೀಲ ಬಂದಿದ್ದು ಕೆಲವು ದಿನ ಕಳೆದು, ನಡು ಮಧ್ಯಾಹ್ನದಲ್ಲಿ. ಗಡ್ಡ ಬೆಳೆದಿ‌ತ್ತು. ಒಳಗೆ ಬಂದು ಕೂರಲಿಲ್ಲ.

"ಶೀತಲ ಎಲ್ಲಾ ಹೇಳ್ಯಾಳ. ನಂಗ, ಜಯಕ್ಕಗ, ಇಬ್ಬರಿಗೇ. ಅವ್ವಗ ಗೊತ್ತಿಲ್ಲ, ಗೊತ್ತೂ ಮಾಡೂದಿಲ್ಲ. ತನ್ನ ಕೈ ಹಿಡೀರಿ ಅಂತ ಶೀತಲ ಕೇಳ್ಯಾಳ."

"ಜಯಕ್ಕ ಏನಂದ್ರು?"

"ಏನೂ ಅನ್ನಲಿಲ್ಲ. ಎದ್ದು ಹೋಗಿ ಗಂಗಾಳದಾಗ ಅನ್ನ ಹಾಕ್ಕೊಂಡು ಬಂದ್ಲು. ಇಬ್ಬರೂ ಒಂದೇ ಗಂಗಾಳದಾಗ ಕೈ ಹಾಕಿ ಉಂಡ್ರು. ನಾ ನೋಡಿದೆ, ಮಯೂರಿ. ನೋಡಬಾರದಿತ್ತು." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಆವತ್ತು ನೀ ಅಂಜೀನಿ ಅಂದದ್ದು ಇದಕ್ಕೇನು? ನಾ ನಿಂಗ ಏನೇನೋ ಅಂದ್ಕೊಂಡೆ."

"ಅಂದ್ಕೊಳ್ಳಲಿ ಅಂತನೇ ಸುಮ್ಮನಿದ್ದೆ."

"ಕಳಿಸೂದಿಲ್ಲ ಅಂತ ಆಕಿಗಿ ಹೇಳಿದಾಕಿ ನೀನೇ ಅಂತ. ಸುಳ್ಳು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ಮತ್ತ ಯಾಕ ಹೇಳಲಿಲ್ಲ? ನಿಂಗ ನಾ ಬ್ಯಾಡಾಗಿದ್ನೇನು?"

ಮಯೂರಿ ಹತ್ತಿರ ಬಂದಳು. ಎಷ್ಟೋ ಸಂಜೆ ಕರಿ ಪರದೆಯಲ್ಲಿ ಕದ್ದು ನೋಡಿದ ಮುಖವನ್ನು ಈಗ ಕದಿಯದೆ ನೋಡಿದಳು. ಬಿಸಿಲಿಗೆ ಒಡೆದ ತುಟಿ, ನಿದ್ದೆಯಿಲ್ಲದ ಕಣ್ಣು, ಎಡ ಹುಬ್ಬಿನಲ್ಲಿ ಅಡ್ಡಕ್ಕೆ ಬೆಳೆದ ಒಂದು ಕೂದಲು. ಇದೆಲ್ಲ ಬೇಕಾಗಿತ್ತು, ದಿನಾ ಬೆಳಗೆದ್ದು ನೋಡಲು ಬೇಕಾಗಿತ್ತು.

"ನಿಮ್ಮನ್ನ ಬಿಟ್ರ ನಂಗ ಯಾರೂ ಬ್ಯಾಡ," ಎಂದಳು. "ಮರಳಿ ಕಳಿಸೋ ಗಂಡಸು ಆಗಿದ್ರ ನೀವು ನಂಗ ಸಿಗ್ತಿದ್ರಿ. ಆದ್ರ ಅಂಥಾ ಗಂಡಸಿನ ಮ್ಯಾಲೆ ನಂಗ ಜೀವ ಹೋಗ್ತಿದ್ದಿಲ್ರಿ."

ಅವನು ಅವಳ ಎರಡೂ ಅಂಗೈಯನ್ನು ತೆಗೆದುಕೊಂಡು ತನ್ನ ಮುಖಕ್ಕೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು.

"ಬ್ಯಾಡ ಅಂತ ಒಂದ ಮಾತು ಅನ್ನು. ನಾ ಇಲ್ಲೇ ನಿಂದರ್ತೀನಿ. ಏನಾಗ್ತದ ಆಗಲಿ."

"ಹೋಗ್ರಿ," ಎಂದಳು ಮಯೂರಿ, ಕೈ ಬಿಡಿಸಿಕೊಳ್ಳುತ್ತ. "ಇನ್ನ ಜರಾ ಹೊತ್ತು ನೀವು ನಿಂತ್ರ ಅಂದುಬಿಡ್ತೀನಿ."

ಅವನು ನಿಂತೇ ಇದ್ದ. ಆಮೇಲೆ ತಿರುಗಿದ. ಪಡಸಾಲೆ ದಾಟಿ ಮೆಟ್ಟಿಲ ಹತ್ತಿರ ಹೋಗಿ ಒಮ್ಮೆ ಹಿಂದೆ ನೋಡಿದ. ಮಯೂರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆ ಕೈಗಳ ಹಿಂದೆ ಯಾವ ಮಾತಿದೆಯೆಂದು ಅವನಿಗೆ ಗೊತ್ತಿತ್ತು. ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.